ಟವರಿಗೂ ಫ್ಯಾಟ್ ಟೆಸ್ಟ್ ಬೇಕು

ಮಂಡ್ಯ ಜಿಲ್ಲೆಯ ಯಾವ ಹಾಲಿನ ಡೇರಿಗಾದರೂ ಬೆಳಿಗ್ಗೆ ಹೋಗಿ ನಿಲ್ಲಿ. ಎರಡು ಲೀಟರ್ ತಂದವರದೂ ಇಪ್ಪತ್ತು ಲೀಟರ್ ತಂದವರದೂ ಬೇರೆಬೇರೆ ಸ್ಯಾಂಪಲ್ ತೆಗೆದು ಫ್ಯಾಟ್ ನೋಡುತ್ತಾರೆ. ಎಲ್ಲರ ಹಾಲನ್ನೂ ಒಟ್ಟಿಗೆ ಸುರಿದು, ಗೆಜ್ಜಲಗೆರೆಯಲ್ಲಿ ಟ್ಯಾಂಕರಿನದನ್ನು ಒಂದೇ ಸಲ ಅಳೆದು, 'ಜಿಲ್ಲೆಯ ಹಾಲು ಚೆನ್ನಾಗಿದೆ, ಎಲ್ಲರಿಗೂ ಇದೇ ರೇಟು' ಎಂದು ಹೇಳಿ ನೋಡಲಿ, ಸೆಕ್ರೆಟರಿ ಅವತ್ತು ಸುಮ್ಮನೆ ಮನೆ ಸೇರುವುದು ಕಷ್ಟ. ಮೊಬೈಲಿನ ವಿಷಯದಲ್ಲಿ ಮಾತ್ರ ನಾವು ಇದೇ ಟ್ಯಾಂಕರ್ ಲೆಕ್ಕಕ್ಕೆ ತಲೆಯಾಡಿಸಿಕೊಂಡು ಬಂದಿದ್ದೇವೆ. ಸೇವೆಯ ಗುಣಮಟ್ಟವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಬಹುಪಾಲು ನೋಡುತ್ತ ಬಂದಿರುವುದು ಇಡೀ ರಾಜ್ಯ ಸೇರಿದ 'ಕರ್ನಾಟಕ ಸರ್ಕಲ್' ಎಂಬ ಒಂದೇ ಟ್ಯಾಂಕರಿನಲ್ಲಿ. ಬೆಂಗಳೂರಿನ ಗಟ್ಟಿ ಹಾಲಿನಲ್ಲಿ ಕಿರುಗಾವಲಿನಂಥ ಹಳ್ಳಿಯ ನೀರು ಬೆರೆತುಹೋಗುತ್ತದೆ, ಸರಾಸರಿ ಪಾಸಾಗುತ್ತದೆ.

ಇದಕ್ಕೆ ನಮ್ಮ ಗ್ರಾಹಕ ಹೋರಾಟಗಾರರ ಉತ್ತರವೇನು? ಮನವಿ ಪತ್ರ. ತಹಶೀಲ್ದಾರರಿಗೊಂದು, ಜಿಲ್ಲಾಧಿಕಾರಿಗೊಂದು, ಫೋಟೊ ಒಂದು. ಇಲ್ಲವೇ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ನೇರ ಟ್ರಾಯ್‌ಗೇ ದೂರು. 1997ರ ಕಾನೂನಿನಲ್ಲಿ ಹುಟ್ಟಿದ ಈ ಸಂಸ್ಥೆ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ, ಬಂದದ್ದನ್ನು ಕಂಪನಿಗೆ ರವಾನಿಸುತ್ತದೆ ಅಷ್ಟೆ. ನಾನೂ ಆ ದಾರಿ ತುಳಿದವನೇ. ಮೂರು ಡಾಕೆಟ್ ನಂಬರ್ ಸಿಕ್ಕವು, ಸಿಗ್ನಲ್ ಸಿಗಲಿಲ್ಲ. ಒಬ್ಬರ ನಷ್ಟದ ಪ್ರಶ್ನೆಗೆ ಮಂಡ್ಯದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಟೆಲಿಕಾಂ ವ್ಯಾಜ್ಯ ಅಲ್ಲಿ ನಡೆಯುವುದಿಲ್ಲ ಎಂಬ ಹಳೆಯ ತಕರಾರನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿದೆ. ವ್ಯಾಜ್ಯ ಅಲ್ಲಿಗೆ ಹೋಗಲಿ. ಟ್ರಾಯ್ ಹತ್ತಿರ ಹೋಗಬೇಕಾದ್ದು ನಿಯಮ ಬರೆಯುವ ಹೊತ್ತಿನಲ್ಲಿ, ಕೈಯಲ್ಲಿ ಅಂಕಿ ಹಿಡಿದು.

ದನಿ ಜೋರಿದ್ದರೆ ಸಾಕು ಎನ್ನುವವರು ಇಂಟರ್‌ನೆಟ್ಟಿನಲ್ಲಿ ಎಲ್ಲ ತಾಣಗಳಿಗೂ ಸಮಾನ ದಾರಿ ಇರಲಿ ಎಂಬ 2015ರ ನೆಟ್ ನ್ಯೂಟ್ರಾಲಿಟಿ ಹೋರಾಟವನ್ನು ಉದಾಹರಿಸುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್ ಹೋದದ್ದು ನಿಜ. ಆದರೆ ಆ ಇ-ಮೇಲ್‌ಗಳ ಒಳಗೆ ಟ್ರಾಯ್ ಕೇಳಿದ್ದ 20 ಪ್ರಶ್ನೆಗಳಿಗೆ ಸಿದ್ಧಪಡಿಸಿದ ಉತ್ತರಗಳಿದ್ದವು. ಅದೇ ವರ್ಷದ ಕೊನೆಗೆ ಫೇಸ್‌ಬುಕ್, ಆಯ್ದ ಕೆಲವೇ ತಾಣಗಳನ್ನು ಪುಕ್ಕಟೆ ಕೊಡುವ ತನ್ನ 'ಫ್ರೀ ಬೇಸಿಕ್ಸ್' ಪರವಾಗಿ ಲಕ್ಷಾಂತರ ಜನರಿಂದ ಒಂದೇ ಅಚ್ಚಿನ ಬೆಂಬಲ ಪತ್ರ ಹಾಕಿಸಿತು. ಪ್ರಶ್ನೆಗೆ ಉತ್ತರ ಎಲ್ಲಿ, ಸಮಾಲೋಚನೆಯನ್ನು ತಲೆ ಎಣಿಸುವ ಆಟ ಮಾಡಬೇಡಿ ಎಂಬರ್ಥದಲ್ಲಿ ಟ್ರಾಯ್ ಖಾರವಾಗಿಯೇ ಬರೆಯಿತು. 2016ರ ಫೆಬ್ರುವರಿ 8ರಂದು ತಾರತಮ್ಯದ ಡೇಟಾ ದರವನ್ನು ನಿಷೇಧಿಸಿತು.

ಇನ್ನೊಂದು ಪಾಠ ಕಹಿಯದು. ಕರೆ ಕಡಿತವಾದರೆ ಒಂದು ರೂಪಾಯಿ, ದಿನಕ್ಕೆ ಮೂರರವರೆಗೆ ಪರಿಹಾರ ಎಂದು 2015ರ ಅಕ್ಟೋಬರಿನಲ್ಲಿ ನಿಯಮ ಬಂತು. ನಾವೆಲ್ಲ ಖುಷಿಪಟ್ಟೆವು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಗ್ರಾಹಕರ ಕಡೆಯ ಕಾರಣಗಳಿಂದಲೂ ಕರೆ ಕಡಿತವಾಗುತ್ತದೆ ಎಂದು ಟ್ರಾಯ್‌ನ ತಾಂತ್ರಿಕ ಪತ್ರದಲ್ಲೇ ಇತ್ತು. ಹಾಗಿರುವಾಗ ಎಲ್ಲಕ್ಕೂ ಕಂಪನಿಯೇ ತೆರಬೇಕೆನ್ನುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಯಾವ ಊರಿನಲ್ಲಿ, ಯಾವ ಟವರಿನ ಕೆಳಗೆ, ಯಾವ ಕಾರಣಕ್ಕೆ ಕರೆ ಕಡಿಯುತ್ತದೆ ಎಂಬ ದಾಖಲೆ ಗ್ರಾಹಕರ ಕಡೆಯಿಂದ ಹೋಗಿದ್ದರೆ ನಿಯಮವನ್ನೇ ಬೇರೆ ರೀತಿ ಬರೆಯಬಹುದಿತ್ತು. ಘೋಷಣೆಯ ಮೇಲೆ ನಿಂತ ನಿಯಮ ವಕೀಲರ ಮೊದಲ ಉಸಿರಿಗೇ ಹಾರಿಹೋಗುತ್ತದೆ.

ಈಗಿನ ನಿಯಮ ನೋಡಿ. 2024ರ ಆಗಸ್ಟಿನಲ್ಲಿ ಹೊರಬಂದ ಗುಣಮಟ್ಟದ ನಿಯಮಾವಳಿಯಂತೆ, ಸೇವೆ 24 ಗಂಟೆ ಮೀರಿ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಕೇಳಲು ಚಂದ. ಆದರೆ ಲೆಕ್ಕ ಹಿಡಿಯುವುದು ಜಿಲ್ಲಾ ಮಟ್ಟದ ಸ್ಥಗಿತವನ್ನು. ಮಳವಳ್ಳಿಯ ನಾಲ್ಕು ಊರಿನ ಟವರ್ ಮೂರು ದಿನ ಮಲಗಿದರೂ ಮಂಡ್ಯ ಪೇಟೆಯಲ್ಲಿ ರೀಲ್ಸ್ ಓಡುತ್ತಿದ್ದರೆ ಯಾರಿಗೂ ನಯಾಪೈಸೆ ಇಲ್ಲ. ಟ್ರಾಯ್‌ನ ಡ್ರೈವ್ ಟೆಸ್ಟ್‌ಗಳೂ ಬಹುತೇಕ ನಗರ, ಹೆದ್ದಾರಿ, ರೈಲು ಮಾರ್ಗಗಳಲ್ಲಿ. ಎಕ್ಸ್‌ಪ್ರೆಸ್‌ವೇಯಲ್ಲಿ ಮದ್ದೂರು ದಾಟುವ ಕಾರಿಗೆ ಕೊಪ್ಪ ಹೋಬಳಿ ಎಲ್ಲಿ ಕಾಣಬೇಕು? (1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನೆತ್ತಿಯ ಮೇಲೆ ತಂತಿ ಹಾದುಹೋಗುವುದು ನಮಗೆ ಹೊಸದೇನಲ್ಲ.)

ಹಟ ಹಿಡಿದರೆ ನಿಯಮ ಬದಲಾಗುತ್ತದೆ. 28 ದಿನದ ಪ್ಯಾಕಿನಿಂದ ವರ್ಷಕ್ಕೆ 13 ರೀಚಾರ್ಜ್ ಆಗುತ್ತದೆಂಬ ಮನೆಮನೆಯ ಗೊಣಗಾಟವೇ 2022ರ ಜನವರಿಯಲ್ಲಿ ಆದೇಶವಾಯಿತು. ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಒಂದಾದರೂ ಇಡಬೇಕಾಯಿತು. ಡೇಟಾ ಬೇಡದವರಿಗೆ ಬರೀ ಮಾತು, ಮೆಸೇಜಿನ ಪ್ಯಾಕ್ ಕೊಡಿ ಎಂದು 2024ರ ಡಿಸೆಂಬರಿನಲ್ಲಿ ನಿಯಮ ಬಂತು. ಅಲ್ಲೂ ಒಂದು ಕಿಂಡಿ ಉಳಿದಿದೆ. ಪ್ಯಾಕ್ ಇರಬೇಕೆಂದಿತೇ ಹೊರತು ದರವನ್ನು ಕಂಪನಿಗೇ ಬಿಟ್ಟಿತು. ಕೀಪ್ಯಾಡ್ ಫೋನಿನ ಅಜ್ಜಿಗೆ ಆ ದರವೂ ಭಾರವೇ. ಮುಂದಿನ ಸಮಾಲೋಚನೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಆದರೆ ಸಮಾಲೋಚನಾ ಪತ್ರ ಬರುವುದು ಇಂಗ್ಲಿಷಿನಲ್ಲಿ. ಕಂಪನಿಗಳ ಸಂಘ ಪುಟಗಟ್ಟಲೆ ಉತ್ತರ ಬರೆಸುತ್ತದೆ. ಭಾರತೀನಗರದ ರೈತ ಏನು ಬರೆಯಬೇಕು? ಬೆಂಗಳೂರಿನಲ್ಲಿ ಟ್ರಾಯ್‌ಗೆ ಪ್ರಾದೇಶಿಕ ಕಚೇರಿಯಿದೆ. ಪತ್ರದ ಕನ್ನಡ ಸಾರ ಕೊಡಿ, ಕನ್ನಡದ ಉತ್ತರ ಪಡೆಯಿರಿ ಎಂದು ಮೊದಲು ಅಲ್ಲಿ ಪಟ್ಟು ಹಿಡಿಯಬೇಕು. ಅದು ಬಿಟ್ಟು, ಟ್ರಾಯ್ ಬ್ಯಾನರ್ ಕಟ್ಟಿದ 'ಗ್ರಾಹಕ ಜಾಗೃತಿ' ಸಭೆಯಲ್ಲಿ ವೇದಿಕೆಯ ಕುರ್ಚಿ ಸಿಕ್ಕಿತೆಂದು ಮೆತ್ತಗಾಗುವ ಸಂಘಟನೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಯಂತ್ರಕರ ಜೊತೆ ಚಹಾ ಕುಡಿಯಲಿ, ತಪ್ಪಿಲ್ಲ. ಕುಡಿದ ಮೇಲೆ ತಾಲ್ಲೂಕುವಾರು ಅಂಕಿ ಎಲ್ಲಿ ಎಂದು ಕೇಳಬೇಕು.

ಅವರು ಕೊಡುವತನಕ ನಾವೇ ಬರೆದಿಡಬಹುದು. ನೆಟ್‌ವರ್ಕ್ ಯಾವಾಗ ಹೋಯಿತು, ಯಾವಾಗ ಬಂತು ಎಂಬುದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಮೂವರಿಗೆ: 'ಸರ್ವರ್ ಇಲ್ಲ, ನಾಳೆ ಬನ್ನಿ' ಎನ್ನುವ ರೇಷನ್ ಅಂಗಡಿಯವರು, ಗ್ರಾಮ ಒನ್ ಹುಡುಗ, ಡೇರಿ ಸೆಕ್ರೆಟರಿ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ತಲಾ ಹತ್ತು ಊರು ಆರಿಸಿ, ಈ ಮೂವರ ಕೈಗೆ ಒಂದೊಂದು ನೂರು ಪುಟದ ನೋಟ್‌ಬುಕ್ ಕೊಡಿ. ತಾರೀಖು, ಗಂಟೆ, ಕಂಪನಿ, ಎಷ್ಟು ಹೊತ್ತು. ಜೊತೆಗೆ ಟ್ರಾಯ್‌ನದೇ ಮೈಸ್ಪೀಡ್ ಆ್ಯಪಿನ ವೇಗದ ಲೆಕ್ಕ. ಮೂರು ತಿಂಗಳಾದ ಮೇಲೆ ಆ ತೊಂಬತ್ತು ನೋಟ್‌ಬುಕ್‌ಗಳನ್ನು ಸೈಕಲ್ ಕ್ಯಾರಿಯರಿನಲ್ಲಿ ಹೇರಿಕೊಂಡು ಹೋದರೂ ಸರಿ, ಬೆಂಗಳೂರಿನ ಕಚೇರಿಯ ಮೇಜಿನ ಮೇಲಿಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡು ಬರಬೇಕು.