ಕೈಗೆ ಫಿಸಿಯೋಥೆರಪಿ, ಮನಸ್ಸಿಗೆ?

ಸ್ಟ್ರೋಕ್ ಆದವರ ಮನೆಗೆ ಹಣ್ಣು ಹಿಡಿದು ಹೋಗುತ್ತೇವೆ. ‘ಸಬೂರ್ ಮಾಡಿ, ಎಲ್ಲ ಸರಿಯಾಗ್ತದೆ’ ಎಂದು ಹೇಳಿ ಬರುತ್ತೇವೆ. ಕೈ ಎತ್ಲಿಕ್ಕಾಗ್ತದಾ ಎಂದು ಕೇಳುವ ನಾವು, ನಿದ್ದೆ ಬರ್ತದಾ ಎಂದು ಕೇಳುವುದಿಲ್ಲ. ಗಲ್ಫ್‌ನಲ್ಲಿ ದುಡಿದು ಮನೆ ಕಟ್ಟಿದವರಿಗೆ ಈಗ ಅಂಗಿಯ ಗುಂಡಿ ಹಾಕಲೂ ಹೆಂಡತಿ ಬೇಕು. ಅವರು ಮಾತು ಬಿಟ್ಟರೆ, ವ್ಯಾಯಾಮ ಬೇಡವೆಂದರೆ ‘ಹಠ’ ಎನ್ನುತ್ತೇವೆ. ಅದು ಹಠವೂ ಅಲ್ಲ, ಈಮಾನಿನ ಕೊರತೆಯೂ ಅಲ್ಲ, ಮದ್ದಿರುವ ಕಾಯಿಲೆ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ಮೆದುಳಿಗಾದ ಪೆಟ್ಟೂ ಅದಕ್ಕೆ ಕಾರಣ. ವೈದ್ಯರಲ್ಲಿ ಮುಚ್ಚಿಡದೆ ಹೇಳಿ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಹಗಲಿರುಳು ನೋಡಿಕೊಳ್ಳುವ ಹೆಂಡತಿಗೂ ಆ ನಂಬರ್ ಬೇಕು. ಇನ್ನೊಮ್ಮೆ ಹೋಗುವಾಗ ಹಣ್ಣಿನ ಜೊತೆ ಸ್ವಲ್ಪ ಪುರುಸೊತ್ತನ್ನೂ ಕೊಂಡು ಹೋಗೋಣ.