ಸ್ವಲ್ಪ ಕಾದಿದ್ದರೆ...

ಏಳು ವರ್ಷದ ಮಗಳು ವಿಮಾನ ಹಾರಿಸುತ್ತಾಳೆಂದರೆ ಯಾವ ಹೆತ್ತವರಿಗೆ ಹೆಮ್ಮೆಯಾಗದು? ಅಮೆರಿಕದ ಜೆಸ್ಸಿಕಾ ಡುಬ್ರಾಫ್ ಅಂಥ ಹುಡುಗಿ. ಅವಳ ಪುಟ್ಟ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ, ಪೆಡಲನ್ನೇ ಉದ್ದ ಮಾಡಿದ್ದರು. ಮುಂದೆ ಕಾಣಿಸಲೆಂದು ಸೀಟಿನ ಮೇಲೆ ದಿಂಬು ಇಟ್ಟಿದ್ದರು. ತರಬೇತುದಾರರ ಜೊತೆಯಲ್ಲಿ ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಹಾರಿ ಬರುವುದು, ಅತಿ ಕಿರಿಯಳೆಂಬ ದಾಖಲೆ ಮಾಡುವುದು ಯೋಜನೆ. ಟಿವಿ, ಪತ್ರಿಕೆಗಳಲ್ಲಿ ಅದೇ ಸುದ್ದಿ. ಆದರೆ ಗಿನ್ನೆಸ್ ದಾಖಲೆಯವರು ಅಪಾಯವೆಂದು ಕಿರಿಯ ಪೈಲಟ್‌ಗಳ ವಿಭಾಗವನ್ನು 1989ರಲ್ಲೇ ಕೈಬಿಟ್ಟಿದ್ದರು!

1996ರ ಎಪ್ರಿಲ್ 10ರಂದು ಕ್ಯಾಲಿಫೋರ್ನಿಯಾದಿಂದ ಹೊರಟ ಆ ಸಣ್ಣ ಸೆಸ್ನಾ ವಿಮಾನದಲ್ಲಿ ಇದ್ದದ್ದು ಮೂವರೇ: ಮಗಳು, ತಂದೆ ಮತ್ತು ತರಬೇತುದಾರ. ರಾತ್ರಿ ವಯೋಮಿಂಗ್ ರಾಜ್ಯದ ಶಯಾನ್ ನಗರದಲ್ಲಿ ತಂಗಿದರು. ಮರುದಿನ ಬೆಳಿಗ್ಗೆ ನೋಡಿದರೆ ಗುಡುಗು, ಗಾಳಿ, ಮಳೆ. ಅದೇ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನವೊಂದು ಹವೆ ನೋಡಿ ತಡೆದು ನಿಂತಿತು. ಇವರು ನಿಲ್ಲಲಿಲ್ಲ.

ಆ ಊರು ಸಮುದ್ರ ಮಟ್ಟದಿಂದ 6,000 ಅಡಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಎಂಜಿನಿಗೆ ಬಲ ಸಾಲದು, ರೆಕ್ಕೆಗೆ ಆಧಾರ ಸಾಲದು. ಮೇಲಾಗಿ ವಿಮಾನದಲ್ಲಿ ಮಿತಿಗಿಂತ ಸುಮಾರು 43 ಕಿಲೋ ಹೆಚ್ಚು ಭಾರವಿತ್ತು. ನೆಲ ಬಿಟ್ಟು ಮೇಲೇರುತ್ತಲೇ ವೇಗ ಕುಗ್ಗಿ ವಿಮಾನ ಮನೆಗಳಿರುವ ರಸ್ತೆಗೆ ಅಪ್ಪಳಿಸಿತು. ಮೂವರೂ ಉಳಿಯಲಿಲ್ಲ.

ತಪ್ಪು ಮಗುವಿನದಲ್ಲ. ಆ ಗಳಿಗೆಯಲ್ಲಿ ವಿಮಾನ ನಡೆಸುತ್ತಿದ್ದುದು ತರಬೇತುದಾರರೇ ಎಂದು ತನಿಖೆ ಹೇಳಿತು. ಅವರು ಅನನುಭವಿಯೇನೂ ಅಲ್ಲ. ಹಾಗಾದರೆ ಅಂಥ ಹವೆಯಲ್ಲಿ ಹೊರಟದ್ದೇಕೆ? ಅತಿ ಆಸೆಯಿಂದ ಹಾಕಿಕೊಂಡ ವೇಳಾಪಟ್ಟಿ, ಮಾಧ್ಯಮದವರಿಗೆ ಕೊಟ್ಟ ಮಾತು; ಇವುಗಳ ಒತ್ತಡವೂ ಕಾರಣವೆಂದು ತನಿಖಾ ವರದಿಯಲ್ಲಿ ಬರೆದಿದೆ. ಅದೇ ವರ್ಷ ಅಮೆರಿಕವು ಲೈಸೆನ್ಸ್ ಇಲ್ಲದವರು ದಾಖಲೆಗಾಗಿ ವಿಮಾನ ನಡೆಸುವುದನ್ನು ಕಾನೂನಿನ ಮೂಲಕ ತಡೆಯಿತು.

ಸಹೋದರಿಯರೇ, ಇದನ್ನು ಓದುವಾಗೆಲ್ಲ ನನಗೆ ನಮ್ಮ ಶಾಲೆಯ ವಾರ್ಷಿಕೋತ್ಸವವೊಂದು ನೆನಪಾಗುತ್ತದೆ. ಪುಟ್ಟ ಹುಡುಗಿಯೊಬ್ಬಳಿಗೆ ಮೈ ಸುಡುವ ಜ್ವರ. "ಹೆಸರು ಕೊಟ್ಟಾಗಿದೆ, ನೆಂಟರೆಲ್ಲ ಬಂದಿದ್ದಾರೆ, ಹೇಗಾದರೂ ಭಾಷಣ ಮುಗಿಸಲಿ" ಎಂದರು ತಾಯಿ. ನಾನೂ ಬೇಡವೆನ್ನಲಿಲ್ಲ. ಮಗು ವೇದಿಕೆಯಲ್ಲೇ ಕುಸಿದು ಕುಳಿತಳು. ಎರಡು ದಿನದಲ್ಲಿ ಜ್ವರ ಬಿಟ್ಟಿತು, ನಿಜ. ಆದರೆ ಅವಳು ವೇದಿಕೆ ಹತ್ತುವ ಮೊದಲು ನನ್ನ ಮುಖ ನೋಡಿದ್ದಳು. ಆ ನೋಟ ನನಗೆ ಇನ್ನೂ ಮರೆತಿಲ್ಲ.

ಮಕ್ಕಳ ಕನಸಿಗೆ ರೆಕ್ಕೆ ಕಟ್ಟೋಣ, ಬೇಡವೆನ್ನುವವರಾರು? ಆದರೆ ಆಕಾಶ ನೋಡಿ "ಇವತ್ತು ಬೇಡ" ಎನ್ನಬೇಕಾದದ್ದು ಮಗುವಲ್ಲ, ನಾವು. ಹತ್ತು ಜನ ಕಾಯುತ್ತಿದ್ದರೂ ಸರಿ, ಆ ಒಂದು ಮಾತು ಹೇಳುವ ಧೈರ್ಯ ದೊಡ್ಡವರಿಗಿರಲಿ.