ರಫ್ತು ಮೀನಿನ ಮೂಲಕ್ಕೆ ದೃಢೀಕರಣ: ಬಂದರಿನ ದಾಖಲೆಯೇ ಆಧಾರ

ಕಾನೂನುಬಾಹಿರ, ವರದಿಯಾಗದ ಹಾಗೂ ನಿಯಂತ್ರಣಕ್ಕೆ ಒಳಪಡದ ಮೀನುಗಾರಿಕೆಯನ್ನು ತಡೆಗಟ್ಟಲು ಐರೋಪ್ಯ ಒಕ್ಕೂಟವು 2008ರಲ್ಲಿ ರೂಪಿಸಿದ ನಿಯಮವು 2010ರ ಜನವರಿ 1ರಿಂದ ಜಾರಿಯಲ್ಲಿದೆ. ಇದರನ್ವಯ, ಸಮುದ್ರದಲ್ಲಿ ಹಿಡಿದ ಮೀನನ್ನು ಅಲ್ಲಿಗೆ ಕಳುಹಿಸಬೇಕಾದಲ್ಲಿ ದೋಣಿಯು ಸೇರಿದ ದೇಶವು ದೃಢೀಕರಿಸಿದ ಕ್ಯಾಚ್ ಸರ್ಟಿಫಿಕೇಟ್ ಕಡ್ಡಾಯವಾಗಿರುತ್ತದೆ. ಭಾರತದಲ್ಲಿ ಈ ಹೊಣೆಯನ್ನು ಸಾಗರೋತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರವು ನಿರ್ವಹಿಸುತ್ತಿದೆ. ಅನುಗೊಂಡನಹಳ್ಳಿಯಂತಹ ಒಳನಾಡಿನ ಹೋಬಳಿಗಳ ಕೆರೆಗಳಲ್ಲಿ ಬೆಳೆಸುವ ಕಾಟ್ಲಾ, ರೋಹು ಮುಂತಾದ ಸಿಹಿನೀರಿನ ಮೀನುಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಇದು ಮುಖ್ಯವಾಗಿ ಕರಾವಳಿಯ ಪ್ರಶ್ನೆಯಾಗಿದೆ.

ಮಲ್ಪೆ ಅಥವಾ ಮಂಗಳೂರಿನ ಬಂದರಿನಲ್ಲಿ ಇಳಿಯುವ ಬೊಂಡಾಸ್ ಹರಾಜಾಗಿ, ಹಲವು ದೋಣಿಗಳ ಸರಕಿನೊಡನೆ ಬೆರೆತು ಸಂಸ್ಕರಣಾ ಘಟಕವನ್ನು ಸೇರುತ್ತದೆ. ಒಮ್ಮೆ ಬೆರೆತ ಬಳಿಕ ಯಾವ ಮೀನು ಯಾವ ದೋಣಿಯದೆಂದು ಹೇಳುವುದು ಅಸಾಧ್ಯ. ಆದುದರಿಂದ ದೋಣಿಯ ನೋಂದಣಿ ಸಂಖ್ಯೆ, ಮೀನು ಹಿಡಿದ ಪ್ರದೇಶ, ದಿನಾಂಕ, ಜಾತಿ ಹಾಗೂ ತೂಕವನ್ನು ದಕ್ಕೆಯಲ್ಲಿಯೇ ದಾಖಲಿಸುವುದು ಅಗತ್ಯ. ಇಲ್ಲಿ ತಪ್ಪಿದ ವಿವರವನ್ನು ಮುಂದಿನ ಯಾವ ಮೊಹರೂ ಸರಿಪಡಿಸಲಾರದು. ಎಳೆಬಲೆ ಬಳಸದ, 12 ಮೀಟರಿಗಿಂತ ಕಡಿಮೆ ಉದ್ದದ ದೋಣಿಗಳ ಮೀನಿಗೆ ಸರಳೀಕೃತ ಪ್ರಮಾಣಪತ್ರಕ್ಕೆ ಅವಕಾಶವಿದ್ದು, ಅದನ್ನು ರಫ್ತುದಾರರೇ ಭರ್ತಿ ಮಾಡುತ್ತಾರೆ. ನಾಡದೋಣಿ ಮೀನುಗಾರರಿಗೆ ಇದು ಅನುಕೂಲಕರವೇ ಆದರೂ, ನಿಗಾ ಸಡಿಲವಾಗುವ ಜಾಗವೂ ಇದೇ.

ಪ್ರಮಾಣಪತ್ರಕ್ಕೆ ಮಿತಿಗಳೂ ಇವೆ. ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ರ ಅಡಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ದಿನಾಂಕವನ್ನು ನೋಡಿ ಈ ಉಲ್ಲಂಘನೆಯನ್ನು ಗುರುತಿಸಬಹುದು. ಆದರೆ 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ನಿಷೇಧಿಸಿದ ಬೆಳಕು ಮೀನುಗಾರಿಕೆಯಿಂದ ದೊರೆತ ಬೊಂಡಾಸನ್ನು ಟ್ರಾಲ್ ಬಲೆಯದೆಂದು ಬರೆಸಿದಲ್ಲಿ, ಕಾಗದವು ಅದನ್ನು ಬಯಲುಮಾಡದು. ಸಮುದ್ರದಲ್ಲಿನ ಗಸ್ತಿಗೆ ಪರ್ಯಾಯವಿಲ್ಲ.

ನಿರ್ಲಕ್ಷ್ಯದ ಪರಿಣಾಮಕ್ಕೆ ನೆರೆಯ ಶ್ರೀಲಂಕಾ ನಿದರ್ಶನ. ಒಕ್ಕೂಟವು 2012ರಲ್ಲಿ ಎಚ್ಚರಿಕೆ ನೀಡಿ, 2015ರ ಜನವರಿಯಿಂದ ಅಲ್ಲಿನ ದೋಣಿಗಳು ಹಿಡಿದ ಮೀನಿನ ಆಮದನ್ನು ನಿಲ್ಲಿಸಿತು. ನಿಷೇಧ ತೆರವಾದದ್ದು 2016ರಲ್ಲಿ. ನಿಯಮ ಪಾಲಿಸಿದವರೂ ಅದರಿಂದ ಹೊರತಾಗಲಿಲ್ಲ.

2026ರ ಜನವರಿ 10ರಿಂದ ಐರೋಪ್ಯ ಆಮದುದಾರರು ಪ್ರಮಾಣಪತ್ರಗಳನ್ನು ವಿದ್ಯುನ್ಮಾನ ವ್ಯವಸ್ಥೆಯ ಮೂಲಕವೇ ಸಲ್ಲಿಸಬೇಕಾಗಿದೆ. ಒಂದೇ ಪ್ರಮಾಣಪತ್ರದ ನಕಲನ್ನು ಹಲವು ಬಾರಿ ಬಳಸುವುದು ಇನ್ನು ಸುಲಭವಲ್ಲ. ದೋಣಿ ಮಾಲೀಕರು ನೋಂದಣಿ ಹಾಗೂ ಪರವಾನಗಿಯನ್ನು ಚಾಲ್ತಿಯಲ್ಲಿಡುವುದು, ಖರೀದಿದಾರರು ದೋಣಿಯ ಸಂಖ್ಯೆಯಿರುವ ಹರಾಜಿನ ಚೀಟಿಯನ್ನು ಕಾಯ್ದಿರಿಸುವುದು ಸೂಕ್ತ.